ಮೂರು ಜನರ ಡೇರೆ

ಬಸ್ ಡಿಪೊದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲ. ಡ್ರೈವರುಗಳಿಗೂ ಕಂಡಕ್ಟರುಗಳಿಗೂ ಅವರು ಪಟ್ಟಿರಾಯರು. ನಾಳೆ ಯಾವ ಬಸ್ಸು ಯಾರ ಕೈಗೆ, ಯಾರಿಗೆ ಬೆಳಗಿನ ಪಾಳಿ, ಯಾರಿಗೆ ವಾರದ ರಜೆ ಎಂದು ಇನ್ನೂರ ಹನ್ನೆರಡು ಜನರ ಡ್ಯೂಟಿ ಪಟ್ಟಿ ಬರೆದು, ಸಂಜೆ ನಾಲ್ಕಕ್ಕೆ ಸರಿಯಾಗಿ ನೋಟಿಸ್ ಬೋರ್ಡಿಗೆ ಅಂಟಿಸುವುದು ಅವರ ಕೆಲಸ. ಹಣೆಬರಹವನ್ನಾದರೂ ತಿದ್ದಬಹುದು, ರಾಯರ ಬರಹ ತಿದ್ದಲಾಗದು ಎಂದು ಡ್ರೈವರುಗಳು ಆಡಿಕೊಳ್ಳುತ್ತಾರೆ. ಆಫೀಸಿಗೆ ಕಂಪ್ಯೂಟರು ಬಂದು ಆರು ವರ್ಷವಾಯಿತು. ಅದೂ ದಿನಾ ಒಂದು ಪಟ್ಟಿ ಕಕ್ಕುತ್ತದೆ. ರಾಯರು ಅದರ ಮೇಲೆ ಒಮ್ಮೆ ಕಣ್ಣಾಡಿಸಿ, "ಪಾಪ, ಅದಕ್ಕೇನು ಗೊತ್ತು" ಎಂದು ಡ್ರಾಯರಿಗೆ ತುರುಕಿ, ತಮ್ಮದನ್ನು ಕೈಯಲ್ಲೇ ಬರೆಯುತ್ತಾರೆ. ಯಾವ ಇಬ್ಬರಿಗೆ ಮಾತಿಲ್ಲ, ಯಾರ ಹೆಂಡತಿಗೆ ತುಂಬು ತಿಂಗಳು, ಯಾರ ಬೆನ್ನು ಹಳೆಯ ಬಸ್ಸಿನ ಸೀಟನ್ನು ತಡೆಯದು, ಇದನ್ನೆಲ್ಲ ಕಂಪ್ಯೂಟರಿಗೆ ಯಾರು ಹೇಳಬೇಕು?

ಆ ಪಟ್ಟಿಗೆ ಎರಡು ಕಟ್ಟುಪಾಡುಗಳಿವೆ. ಬಂದೇ ಬರುತ್ತಾನೆ ಎಂದು ನಂಬಿಕೆಯಿರುವವನ ಹೆಸರು ಪೆನ್ನಿನಲ್ಲಿ. ಹೊತ್ತಿಗೆ ಸರಿಯಾಗಿ ಕೈಕೊಡುವ ಆಸಾಮಿಯ ಹೆಸರು ಪೆನ್ಸಿಲಿನಲ್ಲಿ. ಅಂಥವನು ಬೆಳಿಗ್ಗೆ ಆಫೀಸಿನ ಕಿಟಕಿಗೆ ಬಂದು ಸಹಿ ಹಾಕಿದ ಮೇಲೆ ರಾಯರು ಅದರ ಮೇಲೆ ಪೆನ್ನು ಆಡಿಸುತ್ತಾರೆ. "ನಮ್ಮನ್ನೇನು ಅಳಿಸೋಕೆ ಬರೆದಿದ್ದೀರಾ?" ಎಂದು ಯಾರಾದರೂ ಗೊಣಗಿದರೆ ಅವರದು ಒಂದೇ ಮಾತು: "ಬನ್ನಿ, ಸಹಿ ಹಾಕಿ, ಆಮೇಲೆ ಮಾತಾಡೋಣ."

ಎರಡನೆಯದು, ಪಟ್ಟಿ ಬರೆಯುವವನ ಹೆಸರು ಪಟ್ಟಿಯಲ್ಲಿ ಇರಕೂಡದು. ಇವರಿಗೆ ಕೆಲಸ ಕಲಿಸಿದ ಹಿಂದಿನ ಗುಮಾಸ್ತರು ಮೊದಲ ದಿನವೇ ಇದನ್ನು ತಲೆಗೆ ತುಂಬಿದ್ದರು. ತನ್ನ ಹೆಸರೂ ಅದರಲ್ಲಿ ಬಂತೆಂದರೆ, ನೋಡಪ್ಪ, ಒಳ್ಳೆಯದನ್ನೆಲ್ಲ ತನಗೇ ಬರೆದುಕೊಂಡ ಎನ್ನಲು ಜನ ಕಾದಿರುತ್ತಾರೆ. ಹತ್ತೊಂಬತ್ತು ವರ್ಷ ರಾಯರು ಸಾವಿರಾರು ಪಟ್ಟಿ ಬರೆದರು. ಒಂದರಲ್ಲೂ ತಮ್ಮ ಹೆಸರು ಬರೆಯಲಿಲ್ಲ. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಚಳಿಗಾಲದ ರಜೆ ಬಂತೆಂದರೆ ಡಿಪೊ ಮಂದಿಗೆಲ್ಲ ತಲೆ ಕೆಟ್ಟುಹೋಗುತ್ತದೆ. ಒಂದೂವರೆ ಗಂಟೆ ದೂರದಲ್ಲಿ ದೊಡ್ಡ ಕೆರೆಯೊಂದಿದೆ, ಅದರ ಪಕ್ಕದಲ್ಲಿ ಥೀಮ್ ಪಾರ್ಕು. ಅಲ್ಲಿಗೆ ದಿನಕ್ಕೆ ನಲವತ್ತು ವಿಶೇಷ ಬಸ್ಸುಗಳು ಹೋಗುತ್ತವೆ. ಊರಿನ ಮಕ್ಕಳನ್ನೆಲ್ಲ ಅಲ್ಲಿಗೆ ಕಳಿಸಿದ ರಾಯರು ತಮ್ಮ ಮಗಳ ಜೊತೆ ಒಮ್ಮೆಯೂ ಆ ಪಾರ್ಕಿನ ಗೇಟು ದಾಟಿರಲಿಲ್ಲ. ಆಚೆ ವರ್ಷ ಹೊರಡುವ ಮುನ್ನಾದಿನ ರಜೆ ರದ್ದಾಯಿತು. ಹೋದ ವರ್ಷ ಎಲ್ಲರೂ ಬಸ್ಸಿನಲ್ಲಿ ಕೂತಾಗಿತ್ತು, ಅಷ್ಟರಲ್ಲಿ ಫೋನು ಬಂತು. "ನೀವು ನಡೀರಿ, ಮುಂದಿನ ಬಸ್ಸಿಗೆ ಬಂದುಬಿಡ್ತೀನಿ" ಎಂದು ಇಳಿದವರು ಬರಲೇ ಇಲ್ಲ. ತಾಯಿ, ಹೆಂಡತಿ, ಮಗಳು ಮೂವರೂ ಮಧ್ಯಾಹ್ನದವರೆಗೆ ಗೇಟಿನ ಹತ್ತಿರ ಕಾದು, ಒಳಗೆ ಒಂದು ಸುತ್ತು ಹಾಕಿ ಬಂದರು. ಮಗಳು ಅಲ್ಲಿನ ದೊಡ್ಡ ರೋಲರ್ ಕೋಸ್ಟರಿನ ನೂರಮೂವತ್ತು ಸೆಂಟಿಮೀಟರಿನ ಅಳತೆ ಕಂಬಕ್ಕೆ ಬೆನ್ನು ಕೊಟ್ಟು ನಿಂತರೆ ಎರಡು ಸೆಂಟಿಮೀಟರ್ ಕಡಿಮೆ.

ಈ ವರ್ಷ ಹಾಗಲ್ಲ. ಗುಬ್ಬಿ ಎಂದು ಮನೆಯವರೆಲ್ಲ ಕರೆಯುವ ಈ ಒಂಬತ್ತರ ಹುಡುಗಿ ತಿಂಗಳಿಗೊಮ್ಮೆ ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ಒರಗಿ ಗೀಟು ಎಳೆಸಿಕೊಂಡು ನೂರಮೂವತ್ತು ದಾಟಿದ್ದಳು. ಆದರೆ ಹನ್ನೆರಡು ತುಂಬದವರ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕೆಂಬುದು ಅಲ್ಲಿನ ನಿಯಮ. ಅವಳ ಅಮ್ಮನಿಗೆ ಮೂರನೇ ಮಹಡಿಯಿಂದ ಕೆಳಗೆ ನೋಡಿದರೂ ತಲೆ ಸುತ್ತು. ಅಜ್ಜಿಗೆ ಎಪ್ಪತ್ತೊಂದು. ಉಳಿದವರು ಅಪ್ಪ ಒಬ್ಬರೇ.

"ತಲೆ ಮೇಲೆ ತಲೆ ಬಿದ್ರೂ ಈ ಸಲ ಬರ್ತೀನಿ" ಎಂದು ರಾಯರು ಮಾತು ಕೊಟ್ಟರು.

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸದ ಹೆಂಡತಿ ಎದುರಿಗಿದ್ದವರ ಕಣ್ಣನ್ನು ಅಳೆದು ನೋಡುವುದರಲ್ಲಿ ಪಳಗಿದವಳು. ಗಂಡನ ಕಣ್ಣನ್ನೂ ಹಾಗೇ ನೋಡಿದಳು. "ಈ ಸಲಾನೂ ಕೈಕೊಟ್ರೆ ನಾನು ಜಗಳ ಆಡಲ್ಲ ರೀ. ಇನ್ನು ಮುಂದೆ ನಿಮ್ಮನ್ನ ಎಲ್ಲಿಗೂ ಕರೆಯೋದೇ ಇಲ್ಲ, ಅಷ್ಟೆ" ಅಂದಳು. ಜಗಳವಾಡಿದ್ದರೆ ರಾಯರಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಕೆರೆಯ ದಂಡೆಯಲ್ಲಿ ಡೇರೆ ಹಾಕಿ ಎರಡು ರಾತ್ರಿ ಉಳಿಯೋಣ ಎಂಬ ಉಪಾಯ ಅವರದೇ. ಅಲ್ಲಿನ ಶಿಬಿರದಲ್ಲಿ ಉಳಿದವರನ್ನು ಬೆಳಿಗ್ಗೆ ಒಂದು ಗಂಟೆ ಮೊದಲೇ ಪಾರ್ಕಿನೊಳಗೆ ಬಿಡುತ್ತಾರೆ, ಸಾಲಿನಲ್ಲಿ ನಿಲ್ಲುವ ಗೋಳಿಲ್ಲ. ಅದಕ್ಕಿಂತ ದೊಡ್ಡ ಕಾರಣವೊಂದನ್ನು ಅವರು ಯಾರಿಗೂ ಹೇಳಲಿಲ್ಲ. ಅಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಒಬ್ಬ ಡ್ರೈವರು ಬೈದುಕೊಂಡಿದ್ದನ್ನು ಅವರು ಕೇಳಿಸಿಕೊಂಡಿದ್ದರು.

ಆ ಭಾನುವಾರವೇ ಕೂತು ಶಿಬಿರದ ಅರ್ಜಿ ತುಂಬಿದರು. ಒಂದು ದೊಡ್ಡ ಹಾಳೆಗೆ ಸ್ಕೇಲಿನಿಂದ ಗೆರೆ ಹಾಕಿ ಪ್ರವಾಸದ ಪಟ್ಟಿ ಬರೆದರು. ಯಾರ ಚೀಲದಲ್ಲಿ ಏನು, ಯಾರಿಗೆ ಎಷ್ಟು ಉಣ್ಣೆಯ ಕಾಲುಚೀಲ, ಯಾರ ಮಾತ್ರೆ ಯಾವ ಡಬ್ಬಿಯಲ್ಲಿ, ಎಷ್ಟು ಗಂಟೆಗೆ ಏಳುವುದು, ಎಷ್ಟು ಗಂಟೆಗೆ ತಿನ್ನುವುದು. ಫ್ರಿಜ್ಜಿನ ಬಾಗಿಲಿಗೆ ಅದನ್ನು ಅಂಟಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಒಂದೂ ತಿದ್ದಿಲ್ಲದ ಪಟ್ಟಿ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಯ್ತು. ಹೊರಡೋಕೆ ಇನ್ನೂ ಮೂರು ವಾರ ಇದೆ" ಎನ್ನುತ್ತಾ ಹೆಂಡತಿ ಕೈ ಒರೆಸಿಕೊಂಡು ಬಂದು ಓದಿದಳು. ಮೇಲಿನಿಂದ ಕೆಳಗೆ ಓದಿ, ಮತ್ತೊಮ್ಮೆ ಮೇಲಿನಿಂದ ಓದಿದಳು. ಆಮೇಲೆ ಏನೂ ಅನ್ನದೆ ಒಳಗೆ ಹೋದಳು. ತನ್ನ ಕೆಲಸ ಮೆಚ್ಚಿಕೊಂಡು ಮಾತು ಹೊರಡದೆ ಹೋಯಿತು ಎಂದು ರಾಯರು ತಿಳಿದರು. ಗಂಡಸರ ಬುದ್ಧಿ!

ಅಲ್ಲಿಂದ ಶುರುವಾಯಿತು ಅವರ ಚಡಪಡಿಕೆ. ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ, ಏನೆಂದು ಹೊಳೆಯುವುದಿಲ್ಲ. ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದು ಪಟ್ಟಿ ನೋಡುತ್ತಿದ್ದರು. ಟಾರ್ಚು ಇದೆ, ಹಗ್ಗ ಇದೆ, ಕಂಬಳಿ ಇದೆ, ಬೆಂಕಿಪೆಟ್ಟಿಗೆ ಇದೆ. ಪಟ್ಟಿಯಲ್ಲಿರುವುದೆಲ್ಲ ಚೀಲದಲ್ಲಿದೆ, ಚೀಲದಲ್ಲಿರುವುದೆಲ್ಲ ಪಟ್ಟಿಯಲ್ಲಿದೆ. ಆದರೂ ಸಮಾಧಾನವಿಲ್ಲ. ಇನ್ನೊಂದು ಟಾರ್ಚು ತಂದರು. ಗೂಟ ಹೊಡೆಯಲು ಸುತ್ತಿಗೆ ತಂದರು. ಅದರ ಹಿಡಿ ಸಡಿಲ ಅನ್ನಿಸಿ ಮತ್ತೊಂದು ತಂದರು. ಡಿಪೊದಲ್ಲಿ ಫೋನು ಬಡಿದುಕೊಂಡರೆ, ರಜೆ ರದ್ದು ಮಾಡಲು ಮ್ಯಾನೇಜರೇ ಕರೆಯುತ್ತಿದ್ದಾರೆ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮ್ಯಾನೇಜರು ಸಹಿ ಮಾಡಿದ ರಜಾ ಚೀಟಿ ಅಂಗಿಯ ಜೇಬಿನಲ್ಲೇ ಇತ್ತು. ಮುಟ್ಟಿ ಮುಟ್ಟಿ ಅದರ ಮಡಿಕೆ ಹರಿಯತೊಡಗಿತು.

ಒಂದು ಸಂಜೆ ಡೇರೆಯನ್ನು ನಡುಮನೆಯಲ್ಲೇ ಹಾಕಿಸಿದರು. ಕುರ್ಚಿ, ಟೀಪಾಯಿ ಎಲ್ಲ ಗೋಡೆಗೆ ಸರಿದವು. ಗಡಿಯಾರ ಹಿಡಿದು ರಾಯರು ಬಾಗಿಲ ಬಳಿ ನಿಂತರು.

"ನಾನು ಕೈ ಹಾಕಲ್ಲ. ನೀವೇ ಹಾಕಿ, ಎಷ್ಟು ಹೊತ್ತು ಹಿಡಿಯುತ್ತೆ ನೋಡೋಣ."

ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ಗುಬ್ಬಿ ಕೋಲು ಜೋಡಿಸಿದಳು, ಹೆಂಡತಿ ಬಟ್ಟೆ ಎಳೆದಳು, ತಾಯಿ ಒಂದು ಮೂಲೆ ಹಿಡಿದು ಕೂತರು. ಇಪ್ಪತ್ತಾರು ನಿಮಿಷ. ಮತ್ತೆ ಬಿಚ್ಚಿಸಿ ಹಾಕಿಸಿದರು, ಹತ್ತೊಂಬತ್ತು. ಪಟ್ಟಿ ನೋಡಿ ತಂದಿದ್ದ ಹೊಸ ಚಾಪೆಗಳನ್ನು ಒಳಗೆ ಹಾಸಿ ಮೂವರನ್ನೂ ಮಲಗಿಸಿ ಇಣುಕಿದರು.

"ನೋಡಿ, ಎಷ್ಟು ಸಲೀಸಾಗಿ ಹಿಡಿಸ್ತು!"

"ಹಿಡಿಸದೆ ಏನು, ಮೂರೇ ಜನ ಅಲ್ವಾ" ಅಂದರು ತಾಯಿ, ಡೇರೆಯ ಸೂರು ನೋಡುತ್ತಾ.

ಆ ಮಾತೂ ರಾಯರ ಕಿವಿಯ ಮೇಲೆ ಹಾದುಹೋಯಿತು. ಅವರ ಗಮನವೆಲ್ಲ ಒಂದು ಕೋಲು ಸೊಟ್ಟಗಿರುವುದರ ಮೇಲಿತ್ತು.

ಈ ನಡುವೆ ತಾಯಿ ಸಂಜೆ ಐದಾದರೆ ಮೊಮ್ಮಗಳನ್ನು ಕರೆದುಕೊಂಡು ಎಲ್ಲಿಗೋ ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದರೆ, "ಗಾಳಿಗೆ." ಇಪ್ಪತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಊರಿನವರ ಮಾತನ್ನೆಲ್ಲ ಜೋಡಿಸಿದ ಹೆಂಗಸು, ತನ್ನ ಗುಟ್ಟು ಬಿಟ್ಟುಕೊಡುವವರಲ್ಲ. ವಾಪಸು ಬಂದಾಗ ಮುಖ ಕೆಂಪಗೆ, ಕೂದಲು ಕೆದರಿ, ಕೈಯಲ್ಲಿ ಕಬ್ಬಿಣದ ತುಕ್ಕಿನ ಕಲೆ ಇರುತ್ತಿತ್ತು.

ಶನಿವಾರ ಬೆಳಿಗ್ಗೆ ಹೊರಡಬೇಕು. ಬುಧವಾರ ಪಟ್ಟಿ ಅಂಟಿಸಿದ ರಾಯರಿಗೆ ಕುರ್ಚಿ ಮುಳ್ಳಾಯಿತು. ಬೇಗ ಹೊರಟು, ಬೇರೆ ದಾರಿಗಾದರೂ ಹೋಗಿ ನೋಡೋಣವೆಂದು ಬಡಾವಣೆಯ ಪಾರ್ಕಿನ ಬದಿಯಿಂದ ನಡೆದರು. ಮಕ್ಕಳ ಉಯ್ಯಾಲೆಯಲ್ಲಿ ಒಬ್ಬ ಅಜ್ಜಿ ಸರಪಳಿ ಬಿಗಿಹಿಡಿದು, ಕಾಲು ಮುಂದೆ ಚಾಚಿ, ಆಕಾಶ ಭೂಮಿ ಒಂದು ಮಾಡುತ್ತಿದ್ದರು. ಹಿಂದಿನಿಂದ ಒಬ್ಬಳು ಹುಡುಗಿ ದಬ್ಬುತ್ತಿದ್ದಳು. ಈ ವಯಸ್ಸಿನಲ್ಲಿ ಇವರಿಗೇನು ಬಂದಿದೆ ಎಂದುಕೊಂಡು ಎರಡು ಹೆಜ್ಜೆ ನಡೆದ ಮೇಲೆ ಅದು ತಮ್ಮ ತಾಯಿ ಎಂದು ಗೊತ್ತಾಯಿತು.

"ಕಣ್ಣು ಮುಚ್ಚಬಾರದು ಅಜ್ಜಿ! ಮುಚ್ಚಿದ್ರೆ ಜಾಸ್ತಿ ತಲೆ ಸುತ್ತುತ್ತೆ!"

"ಐವತ್ತು ಆಯ್ತೇನೇ?"

"ಮೂವತ್ತೆಂಟು!"

"ಅಮ್ಮಾ!" ಎಂದು ರಾಯರು ಓಡಿಬಂದು ಸರಪಳಿ ಹಿಡಿದು ನಿಲ್ಲಿಸಿದರು. "ಏನಿದು ಹುಡುಗಾಟ? ಬಿದ್ದು ಸೊಂಟ ಮುರ್ಕೊಂಡ್ರೆ?"

"ಡಾಕ್ಟರನ್ನ ಕೇಳಿದ್ದೀನಪ್ಪ. ಹೃದಯ ಗಟ್ಟಿಯಾಗಿದೆ, ಬುದ್ಧಿ ಒಂದು ನೋಡ್ಕೊಳ್ಳಿ ಅಂದ್ರು" ಎಂದು ತಾಯಿ ಏದುಸಿರಿನಲ್ಲೇ ನಕ್ಕರು. "ಅಭ್ಯಾಸ ಕಣೋ. ಆ ದೊಡ್ಡ ಗಾಡಿಯಲ್ಲಿ ಈ ಮಗು ಪಕ್ಕ ಯಾರಾದ್ರೂ ಕೂರಬೇಕಲ್ಲ."

"ನಾನಿಲ್ವಾ ಕೂರೋಕೆ?"

ತಾಯಿಯ ನಗು ನಿಂತಿತು. ಗುಬ್ಬಿ ಅಪ್ಪನನ್ನು ನೋಡಿ, ಆಮೇಲೆ ತನ್ನ ಬೂಟು ನೋಡಿಕೊಂಡಳು.

"ನೀನು ಬರಲ್ವಲ್ಲ ಅಪ್ಪ" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ನಾಳೆ ಗುರುವಾರ ಎಂದು ಹೇಳುವ ಹಾಗೆ ಹೇಳಿದಳು.

"ಯಾರು ಹೇಳಿದ್ದು ನಿನಗೆ?"

"ನೀನೇ ಬರೆದಿದ್ದೀಯಲ್ಲ. ಫ್ರಿಜ್ ಮೇಲೆ."

ರಾಯರು ಮನೆಗೆ ನಡೆದು ಬಂದರೋ ಓಡಿ ಬಂದರೋ ಅವರಿಗೇ ತಿಳಿಯಲಿಲ್ಲ. ಬೂಟು ಕಳಚದೆ ಅಡುಗೆಮನೆಗೆ ನುಗ್ಗಿ ಪಟ್ಟಿಯ ಮುಂದೆ ನಿಂತರು. ಮೇಲಿನ ಸಾಲಿನಲ್ಲಿ ಅಮ್ಮ, ಹೆಂಡತಿ, ಮಗಳು. ಮೂರು ಕಾಲಮ್ಮು. ಮೂರು ಚೀಲ, ಮೂರು ಚಾಪೆ, ಮೂರು ಲೋಟ. ಡ್ರಾಯರಿನಿಂದ ಶಿಬಿರದ ಅರ್ಜಿಯ ಪ್ರತಿ ತೆಗೆದರು. ಅಲ್ಲೂ ಮೂರು ಹೆಸರು, ಕೆಳಗೆ ತಮ್ಮ ದುಂಡನೆಯ ಸಹಿ. ಬರೆದವರು ಅವರು, ಬರೆದದ್ದನ್ನು ದಿನಕ್ಕೆ ಹತ್ತು ಸಲ ಓದಿದವರೂ ಅವರೇ. ಊರಿನ ತಪ್ಪನ್ನೆಲ್ಲ ಹಿಡಿಯುವ ಕಣ್ಣಿಗೆ ಇದೊಂದು ಬೀಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

"ನೀನು ಇದನ್ನ ನೋಡಿದ್ಯಾ?" ಎಂದು ಹೆಂಡತಿಯನ್ನು ಕೇಳಿದರು.

"ಅಂಟಿಸಿದ ದಿನವೇ ನೋಡ್ದೆ."

"ಮತ್ತೆ ಬಾಯಿ ಬಿಟ್ಟು ಹೇಳ್ಬಾರ್ದಾ?"

"ಏನಂತ ಹೇಳಲಿ? ಬರಲ್ಲ ಅಂತ ಎದುರಿಗೆ ಹೇಳೋಕೆ ನಿಮಗೆ ಧೈರ್ಯ ಇಲ್ಲ, ಅದಕ್ಕೇ ಬರೆದು ಅಂಟಿಸಿದ್ದೀರಿ ಅಂದ್ಕೊಂಡೆ. ಆಮೇಲೆ ಟೆಂಟು ಹಾಕೋದನ್ನ ಕಲಿಸಿದ್ರಿ. ನಾನು ಕೈ ಹಾಕಲ್ಲ, ನೀವೇ ಹಾಕಿ ಅಂದ್ರಿ." ಹೆಂಡತಿ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಜಗಳ ಆಡಲ್ಲ ಅಂತ ಮಾತು ಕೊಟ್ಟಿದ್ದೆ ಅಲ್ವಾ."

"ಮರೆತು ಹೋಯ್ತು ಕಣೇ. ಆಣೆಗೂ ಮರೆತದ್ದು. ನನ್ನ ಹೆಸರು ಬರೆದು ಅಭ್ಯಾಸಾನೇ ಇಲ್ಲ."

"ನೀವು ಮರೆತಿದ್ದು ಸರಿ. ನಮಗ್ಯಾರಿಗೂ ಆಶ್ಚರ್ಯ ಆಗ್ಲಿಲ್ವಲ್ಲ, ಅದಕ್ಕೇನ್ ಹೇಳ್ತೀರಿ?"

ಅಷ್ಟರಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದ ತಾಯಿ, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಗೊಣಗಿ ಕೈ ತೊಳೆಯಲು ಹೋದರು. ತಮ್ಮ ಮೇಲೆ ತಮಗೇ ಇಷ್ಟು ಅಸಹ್ಯ ರಾಯರಿಗೆ ಹಿಂದೆಂದೂ ಆಗಿರಲಿಲ್ಲ.

ಗುರುವಾರ ಬೆಳಿಗ್ಗೆ ಶಿಬಿರದ ಆಫೀಸು ತೆಗೆಯುತ್ತಿದ್ದಂತೆ ಡಿಪೊದಿಂದ ಫೋನು ಮಾಡಿದರು. ಶಿಬಿರದಲ್ಲಿ ನಾಲ್ಕನೆಯವರಿಗೆ ಜಾಗವುಂಟು, ಆದರೆ ಹೆಸರು ಸೇರಿಸುವುದು ಇವತ್ತು ಸಂಜೆ ಐದರವರೆಗೆ ಮಾತ್ರ, ಅರ್ಜಿ ಹಾಕಿದವರೇ ಬಂದು ಸಹಿ ಮಾಡಬೇಕು ಎಂದಳು ಆಫೀಸಿನ ಹೆಂಗಸು. ಫೋನಿನಲ್ಲಿ ಆಗಲ್ವೇನಮ್ಮ ಎಂದು ಅಂಗಲಾಚಿದರು. "ನಿಯಮ ಸಾರ್" ಅಂದಳು. ನಿಯಮ ಎಂದಮೇಲೆ ಮಾತು ಬೆಳೆಸುವ ಮನುಷ್ಯ ರಾಯರಲ್ಲ.

ಅಂದಿನ ಪಟ್ಟಿ ವರ್ಷದಲ್ಲೇ ದೊಡ್ಡದು. ರಜೆಯ ಗದ್ದಲ, ಹದಿನಾಲ್ಕು ಬಸ್ಸು ಹೆಚ್ಚುವರಿ, ಒಂಬತ್ತು ಜನಕ್ಕೆ ಜ್ವರ. ಎಷ್ಟು ಎಳೆದಾಡಿದರೂ ಎರಡೂಮುಕ್ಕಾಲಿಗೆ ಅರ್ಧ ಮುಗಿದಿತ್ತು. ಮೂರು ಗಂಟೆಯ ಬಸ್ಸು ತಪ್ಪಿದರೆ ಐದಕ್ಕೆ ಅಲ್ಲಿ ಇರುವುದು ಸುಳ್ಳು. ರಾಯರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ ಎದ್ದು, ಡ್ರಾಯರಿನಿಂದ ಕಂಪ್ಯೂಟರಿನ ಪಟ್ಟಿ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟರು.

"ಇವತ್ತು ಇದನ್ನೇ ಅಂಟಿಸಿ ಸಾರ್."

ಮ್ಯಾನೇಜರು ಕಣ್ಣು ಕಣ್ಣು ಬಿಟ್ಟರು. "ನೀವೇ ಹೇಳ್ತಿದ್ದೀರಾ? ಇದನ್ನ ಹಾಕಿದ್ರೆ ನಾಳೆ ಡಿಪೊದಲ್ಲಿ ರಂಪ ಆಗುತ್ತೆ!"

"ಆಗ್ಲಿ ಬಿಡಿ" ಎಂದು ಹೊರಟೇಬಿಟ್ಟರು.

ಸ್ಟ್ಯಾಂಡಿನಲ್ಲಿ ವಿಶೇಷ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯ ಹಿಂದೆ ಬಿಟ್ಟರೆ ಬೇರೆಲ್ಲೂ ಕಂಡಿರದ ಮುಖ ನೋಡಿ ಕಂಡಕ್ಟರು ಗುರುತು ಹಿಡಿಯದೆ, "ಎಷ್ಟು ಜನ?" ಅಂದ.

"ಒಬ್ಬ" ಎಂದರು ರಾಯರು.

ದಾರಿಯುದ್ದಕ್ಕೂ ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ಏಳು ಸಲ. ಪ್ರತಿ ಸಲವೂ ಕೈ ಜೇಬಿನವರೆಗೆ ಹೋಗಿ ವಾಪಸು ಬಂತು. ಜ್ವರದವನ ಬಸ್ಸು ಯಾರಿಗೆ ಹೋಯಿತೋ, ಮಾತಿಲ್ಲದ ಆ ಇಬ್ಬರನ್ನು ಒಂದೇ ಬಸ್ಸಿಗೆ ಹಾಕಿದೆಯೋ ಏನೋ ಹಾಳು ಯಂತ್ರ ಎಂದು ಕುದಿಯುತ್ತಾ, ಮುಂದಿನ ಸೀಟಿನ ಕಂಬಿಯನ್ನು ಬಿಗಿಹಿಡಿದು ಕೂತರು. ಕೆರೆಯ ತಿರುವು ಬಂದಾಗ ಫೋನು ತಾನಾಗಿ ಸುಮ್ಮನಾಯಿತು. ಮರಗಳ ಮೇಲೆ ದೊಡ್ಡ ರೋಲರ್ ಕೋಸ್ಟರಿನ ಹಳದಿ ಬೆನ್ನು ಕಂಡಿತು. ಅದರ ಮೇಲಿಂದ ಗಾಡಿಯೊಂದು ಜಾರಿ ಇಳಿಯುವಾಗ ಜನ ಕಿರುಚಿದ್ದು ಬಸ್ಸಿನೊಳಗೂ ಕೇಳಿಸಿತು. ಇದರಲ್ಲಿ ಕೂರಲು ನನ್ನಮ್ಮ ಉಯ್ಯಾಲೆ ಆಡುತ್ತಿದ್ದಳೇ ಎಂದು ಅವರ ಕಣ್ಣು ತುಂಬಿಕೊಂಡಿತು.

ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಶಿಬಿರದ ಆಫೀಸಿನಲ್ಲಿ ರಿಜಿಸ್ಟರಿನ ಮುಂದೆ ನಿಂತಿದ್ದರು. ನಾಲ್ಕನೆಯ ಸಾಲಿನಲ್ಲಿ ತಮ್ಮ ಹೆಸರು ಬರೆಯಲು ಪೆನ್ನು ಹಿಡಿದರೆ ಮೊದಲಕ್ಷರವೇ ಸೊಟ್ಟಗಾಯಿತು. ಆ ಹೆಂಗಸು ಮುದ್ರೆ ಒತ್ತಿ ಚೀಟಿ ಹರಿದು ಕೊಟ್ಟಳು.

ಮನೆ ಸೇರುವಾಗ ಏಳೂವರೆ. ಚೀಟಿಯನ್ನು ಮೊದಲು ಹೆಂಡತಿಗೆ ಕೊಟ್ಟರು. ಅವಳು ಓದಿ, ಪಟ್ಟಿ ಅಂಟಿಸುವ ಹೊತ್ತಿಗೆ ಅಲ್ಲಿಗೆ ಹೇಗೆ ಹೋದಿರಿ ಎಂದು ಕೇಳಿದಳು. "ಅರ್ಧಕ್ಕೆ ಬಿಟ್ಟು ಹೋದೆ" ಅಂದರು. ಅವಳು ಊಟಕ್ಕೆ ತಟ್ಟೆ ಇಟ್ಟಳು. ರಾಯರು ಮ್ಯಾನೇಜರಿಗೆ ಫೋನು ಮಾಡಿದರೆ, ಡಿಪೊದಲ್ಲಿ ರಂಪವೇನೂ ಆಗಿರಲಿಲ್ಲ. ಒಂದೇ ಬಸ್ಸು ಸಿಕ್ಕ ಇಬ್ಬರು ಡ್ರೈವರುಗಳು ತಮ್ಮತಮ್ಮಲ್ಲೇ ಮಾತಾಡಿ ಸರಿಮಾಡಿಕೊಂಡಿದ್ದರು. ಅದನ್ನು ಹೇಳಲಿಕ್ಕೇ ಕೊನೆಯ ನಾಲ್ಕು ಫೋನು ಬಂದಿದ್ದವು. ಅದನ್ನು ಕೇಳಿ ರಾಯರಿಗೆ ನೆಮ್ಮದಿಯಾಗಲಿಲ್ಲ, ತಾವಿಲ್ಲದೆಯೂ ನಡೆದುಹೋಯಿತಲ್ಲ ಅನ್ನಿಸಿತು.

ಗುಬ್ಬಿ ಚೀಟಿಯನ್ನು ಎರಡು ಸಲ ಓದಿದಳು. ಮುದ್ರೆಯನ್ನು ಬೆರಳಿನಿಂದ ಉಜ್ಜಿ ನೋಡಿದಳು. ಆಮೇಲೆ ಸ್ಕೇಲು ತಂದು, ಫ್ರಿಜ್ಜಿನ ಮೇಲಿನ ಪಟ್ಟಿಯ ಅಂಚಿನಲ್ಲಿ ಇದ್ದಷ್ಟು ಜಾಗದಲ್ಲಿ ಒಂದು ಗೆರೆ ಎಳೆದು, ನಾಲ್ಕನೆಯ ಕಾಲಮ್ಮು ಮಾಡಿದಳು. ಅದರ ತಲೆಯಲ್ಲಿ ಪುಟ್ಟದಾಗಿ 'ಅಪ್ಪ' ಎಂದು ಬರೆದಳು. ಪೆನ್ಸಿಲಿನಲ್ಲಿ.

"ಪೆನ್ನು ಕೊಡ್ಲಾ ಪುಟ್ಟ?" ಎಂದು ರಾಯರು ಜೇಬಿಗೆ ಕೈ ಹಾಕಿದರು.

"ಈಗ ಬೇಡ ಅಪ್ಪ. ಶನಿವಾರ ಬಸ್ಸು ಹೊರಟ ಮೇಲೆ ಪೆನ್ನಲ್ಲಿ ತಿದ್ತೀನಿ." ಅವಳು ತಿರುಗಿ ನೋಡಿದಳು. "ನೀನೂ ಹಾಗೇ ಅಲ್ವಾ ಮಾಡೋದು?"

ಒಳಗಿನಿಂದ ತಾಯಿ ಕೂಗಿ ಹೇಳಿದರು, "ನನ್ನ ಅಭ್ಯಾಸ ನಾನು ನಿಲ್ಸಲ್ಲ ಕಣೋ. ನಾಳೆ ಸಂಜೆಗೂ ಉಯ್ಯಾಲೆ ಉಂಟು."

ಜೇಬಿಗೆ ಹೋದ ರಾಯರ ಕೈ ಪೆನ್ನನ್ನು ಹಿಡಿದಂತೆಯೇ ನಿಂತಿತ್ತು. ಅಳಿಸುವ ಅಕ್ಷರದಲ್ಲಿ ತಮ್ಮ ಹೆಸರು ಕಂಡು ಕಿಟಕಿಗೆ ಬಂದು ಗೊಣಗುತ್ತಿದ್ದವರ ಮುಖಗಳು ಒಂದೊಂದಾಗಿ ನೆನಪಾದವು. ಅವರಿಗೆಲ್ಲ ತಾವು ಹೇಳುತ್ತಿದ್ದ ಮಾತೂ ನೆನಪಾಯಿತು.

"ಸರಿ" ಅಂದರು. "ಶನಿವಾರ ಎಷ್ಟು ಗಂಟೆಗೆ ಬಂದು ಸಹಿ ಹಾಕ್ಬೇಕು?"

"ಐದೂವರೆಗೆ" ಅಂದಳು ಗುಬ್ಬಿ.

ರಾಯರು ತಲೆಯಾಡಿಸಿ, ಅಟ್ಟದ ಮೇಲಿನ ಹಳೆಯ ಚಾಪೆಯನ್ನು ಇಳಿಸಲು ಸ್ಟೂಲು ಹುಡುಕಿಕೊಂಡು ಹೋದರು.